ದಪ್ಪ ಅಕ್ಷರದ ಸೂತಕ

ಜನಕ್ಕೆ ಸಾಮಾನ್ಯವಾಗಿ ಜನರ ಮೇಲೆ ಕೋಪ ಬರುತ್ತದೆ. ಅಳಿಯನ ಮೇಲೆ, ಅಮಲ್ದಾರರ ಮೇಲೆ, ಕೈ ಅಡ್ಡ ಹಿಡಿದರೂ ನಿಲ್ಲಿಸದೆ ಹೋದ ಬಸ್ಸಿನ ಡ್ರೈವರನ ಮೇಲೆ ಬರುತ್ತದೆ. ಬಂದದ್ದು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಇಳಿದೂ ಹೋಗುತ್ತದೆ. ನನ್ನ ಕೋಪ ಆ ಜಾತಿಯದಲ್ಲ. ನನಗೆ ಅಕ್ಷರಗಳ ವಿಷಯದಲ್ಲಿ ಕೋಪ ಬರುತ್ತದೆ. ಅಕ್ಷರ ತಪ್ಪು ಬರೆದವರ ಮೇಲೆ ಎಂದು ತಿಳಿಯಬೇಡಿ, ಅದು ಸ್ಕೂಲ್ ಮೇಷ್ಟರುಗಳ ತಲೆನೋವು. ಅಕ್ಷರವನ್ನು ಓದುವ ಗೋಜಿಗೇ ಹೋಗದೆ, ದೂರದಿಂದ ಅದರ ಮುಖ ನೋಡಿ, 'ಇದು ಒಳ್ಳೆಯದು, ಇದು ಕೆಟ್ಟದ್ದು' ಎಂದು ತೀರ್ಮಾನ ಮಾಡಿ ಬಾಗಿಲಾಚೆ ನಿಲ್ಲಿಸುತ್ತಾರಲ್ಲ, ಅವರನ್ನು ಕಂಡರೆ ನನ್ನ ಮೈ ಉರಿಯುತ್ತದೆ. ಈ ನಾಲ್ಕು ಸಾಲು ಬರೆಯುವಷ್ಟರಲ್ಲೇ ಕಿವಿ ಬಿಸಿಯಾಗಿದೆ. ಆದ್ದರಿಂದ ಓದುವವರು ನನ್ನಿಂದ ತಾಳ್ಮೆಯ ಮಾತನ್ನು ಬಯಸಬಾರದು. ತಾಳ್ಮೆ ಬೇಕಾದವರಿಗೆ ನನ್ನ ಹೆಂಡತಿ ಜಯಮ್ಮ ಇದ್ದಾಳೆ. ಅವಳ ಪಾಲಿನದೂ ನನ್ನ ಪಾಲಿನದೂ ಸೇರಿಸಿ ದೇವರು ಅವಳೊಬ್ಬಳಿಗೇ ಕೊಟ್ಟಿದ್ದಾನೆ.

ನನ್ನದು ಚನ್ನರಾಯಪಟ್ಟಣದಲ್ಲಿ ಒಂದು ಅಚ್ಚುಕೂಟ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಹಿಟ್ಟಿನ ಗಿರಣಿಯ ಪಕ್ಕದಲ್ಲಿದೆ. ಕಾಲಿನಲ್ಲಿ ತುಳಿಯುವ ಒಂದು ಟ್ರೆಡಲ್ ಯಂತ್ರ, ಗೋಡೆಗೆ ಒರಗಿಸಿದ ಮೊಳೆಗಳ ಕೇಸುಗಳು, ಚೆನ್ನಪ್ಪನೆಂಬ ಕಂಪಾಜಿಟರು ಮತ್ತು ನಾನು, ಇಷ್ಟೇ ಸಂಸ್ಥೆ. ಅಚ್ಚಿನ ಅಕ್ಷರಕ್ಕೆ ಮೊಳೆ ಎಂದು ಯಾರು ಹೆಸರಿಟ್ಟರೋ ಅವರು ನಮ್ಮ ಅಚ್ಚುಕೂಟವನ್ನು ನೋಡಿಯೇ ಇಟ್ಟಿರಬೇಕು. ನನ್ನ ಹತ್ತಿರ ಇದ್ದ ಮೊಳೆಗಳು ಯಾವುದೋ ಪುರಾತನ ಪ್ರೆಸ್ಸಿನವರು ಸಾಕಾಗಿ ಮಾರಿದ್ದವು. ಸವೆದು ಸವೆದು ಮಂಡೆ ಬೋಳಾಗಿದ್ದವು. ಅವುಗಳಲ್ಲಿ ರಸೀತಿ ಪುಸ್ತಕ, ಸ್ಕೂಲಿನ ಪ್ರಶ್ನೆಪತ್ರಿಕೆ, ಮದುವೆಯ ಲಗ್ನಪತ್ರಿಕೆ ಎಲ್ಲವನ್ನೂ ಅಚ್ಚು ಹಾಕುತ್ತಿದ್ದೆವು. ಎಲ್ಲವೂ ಒಂದೇ ತರಹ ಕಾಣುತ್ತಿದ್ದವು, ಅಂದರೆ ಒಂದೂ ಕಾಣುತ್ತಿರಲಿಲ್ಲ. ಜನ ಪತ್ರಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಬೆಳಕಿಗೆ ಹಿಡಿದು, ಕೊನೆಗೆ ಕೊಟ್ಟವರನ್ನೇ, "ಯಾವತ್ತು ಮದ್ವೆ?" ಎಂದು ಕೇಳುತ್ತಿದ್ದರು.

ಹೀಗಿರುವಾಗ ಒಂದು ದಿನ ಕಾಗದ ತರಲು ಹಾಸನಕ್ಕೆ ಹೋದವನು ಅಲ್ಲಿನ ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಒಂದು ಭಿತ್ತಿಪತ್ರ ನೋಡಿದೆ. ದನಗಳ ಪ್ರದರ್ಶನದ್ದು. ದನಗಳ ಚಿತ್ರವೇನೂ ಇರಲಿಲ್ಲ. ಅಕ್ಷರಗಳೇ ದನಗಳ ಹಾಗೆ ನಿಂತಿದ್ದವು. ಎಂಥ ಅಕ್ಷರ ಅಂತೀರಿ! ಹೊಟ್ಟೆಯ ಭಾಗ ಮಲ್ಲನ ತೋಳಿನಷ್ಟು ದಪ್ಪ. ಅದೇ ಅಕ್ಷರ ಬಾಗಿ ತಿರುಗುವ ಕಡೆಗೆ ಬಂದರೆ ಕೂದಲೆಳೆಯಷ್ಟು ಸಣ್ಣ. ತಲೆಕಟ್ಟಿನ ತುದಿಗೆ ಚೂಪಾದ ಕುಡಿ, ಒತ್ತಕ್ಷರದ ಬಾಲಕ್ಕೂ ಅಂಥದೇ ಕುಡಿ. ಬರೀ ದಪ್ಪ ಮಾಡಿದ್ದರೆ ಅದು ಕುಂಬಳಕಾಯಿಯಾಗುತ್ತಿತ್ತು. ಪಕ್ಕದಲ್ಲಿ ಆ ಸಣ್ಣ ಗೆರೆ ಇದ್ದದ್ದರಿಂದಲೇ ದಪ್ಪದ್ದಕ್ಕೆ ಆ ಗತ್ತು ಬಂದಿತ್ತು. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಚನ್ನರಾಯಪಟ್ಟಣದ ಕೊನೆಯ ಬಸ್ಸು ಹೊರಟು ಹೋಯಿತು. ಅಂದು ಹಾಸನದ ನೆಂಟರೊಬ್ಬರ ಮನೆಯಲ್ಲಿ ಮಲಗಿ, ಬೆಳಿಗ್ಗೆ ಮತ್ತೆ ಬಂದು ಅದೇ ಗೋಡೆಯನ್ನು ನೋಡಿಕೊಂಡು ಊರಿಗೆ ಬಂದೆ.

ವಿಚಾರಿಸಿದಾಗ ಆ ಮೊಳೆಯ ಹೆಸರು 'ಐರಾವತ' ಎಂದು ತಿಳಿಯಿತು. ಬೆಂಗಳೂರಿನ ಎರಕದವರೊಬ್ಬರು ಅದನ್ನು ಹೊಯ್ದು ಮಾರುತ್ತಿದ್ದರು. ನನ್ನ ಮನೆಯಲ್ಲಿ ಆಗ ಒಂದು ಎಮ್ಮೆಯಿತ್ತು. ಮುಂದಿನದನ್ನು ಬಿಡಿಸಿ ಹೇಳುವುದಿಲ್ಲ. ಎಮ್ಮೆ ಕೊಟ್ಟಿಗೆಯಿಂದ ಹೋಯಿತು, ಐರಾವತ ಅಚ್ಚುಕೂಟಕ್ಕೆ ಬಂತು. ಮಾರನೆಯ ದಿನ ಊಟಕ್ಕೆ ಕೂತು, "ಮೊಸರೆಲ್ಲೇ?" ಎಂದು ಕೇಳಿದೆ. ಜಯಮ್ಮ ಖಾಲಿ ಚೊಂಬನ್ನು ತಂದು ನನ್ನ ಎಲೆಯ ಮುಂದಿಟ್ಟು, "ತಗೊಂಡೋಗಿ, ನಿಮ್ಮ ಅಕ್ಷರಾನೇ ಕರ್ಕೊಂಡು ಬನ್ನಿ" ಎಂದಳು.

ಚೆನ್ನಪ್ಪನಿಗೂ ಐರಾವತ ಹಿಡಿಸಲಿಲ್ಲ. ಅವನಿಗೆ ಹೊಸದು ಯಾವುದೂ ಹಿಡಿಸುವುದಿಲ್ಲ. ಹೊಸ ಪೊರಕೆ ತಂದರೂ ವಾರಗಟ್ಟಲೆ ಅದರ ಮೇಲೆ ದೂರು ಹೇಳುವವನು. "ಇದೇನ್ ಸಾ, ಒಟ್ಟೆ ನೋಡುದ್ರೆ ಪೈಲ್ವಾನಂದು, ಕಾಲ್ ನೋಡುದ್ರೆ ಕೊಕ್ಕರೇದು" ಎಂದ. ಅವನ ಬಾಯಿಗೆ ಹೆದರದಿದ್ದರೂ ಕೆಲಸ ಮಾತ್ರ ನಿಜಕ್ಕೂ ಕಷ್ಟದ್ದೇ ಆಗಿತ್ತು. ಆ ದಪ್ಪ ಹೊಟ್ಟೆ ಎಷ್ಟು ಮಸಿ ಕೊಟ್ಟರೂ ಕುಡಿಯುತ್ತದೆ. ಪಕ್ಕದ ಸಣ್ಣ ಗೆರೆ ಒಂದು ಹನಿ ಮಸಿ ಹೆಚ್ಚಾದರೂ ಮುಳುಗಿ ಹೋಗುತ್ತದೆ. ಯಂತ್ರದ ಒತ್ತು ಬಿಗಿ ಮಾಡಿದರೆ ಗೆರೆ ಕಡಿಯುತ್ತದೆ, ಸಡಿಲ ಮಾಡಿದರೆ ಹೊಟ್ಟೆಯ ಮೇಲೆ ಬಿಳಿ ಮಚ್ಚೆ ಬೀಳುತ್ತದೆ. ನಾನು ಮಸಿಯ ಮೇಲೆ ರೇಗಿದೆ, ಕಾಗದದ ಮೇಲೆ ರೇಗಿದೆ, ಹಿಟ್ಟಿನ ಗಿರಣಿಯಿಂದ ಹಾರಿ ಬರುವ ಧೂಳಿನ ಮೇಲೆ ರೇಗಿ ಗಿರಣಿಯವನ ಹತ್ತಿರ ಮಾತು ಬಿಟ್ಟೆ. ಕೊನೆಗೊಂದು ಸಂಜೆ ಹದ ಸಿಕ್ಕಿತು. ಕಾಗದದ ಮೇಲೆ ನನ್ನದೇ ಹೆಸರು 'ನಂಜೇಗೌಡ' ಎಂದು ಬಿತ್ತು. ದಪ್ಪವೆಲ್ಲ ದಪ್ಪವಾಗಿ, ಸಣ್ಣದೆಲ್ಲ ಸಣ್ಣದಾಗಿ ಬಿದ್ದಿತ್ತು. ಅದನ್ನು ಮನೆಗೆ ಒಯ್ದು ಜಯಮ್ಮನಿಗೆ ತೋರಿಸಿ, ಸಣ್ಣ ಗೆರೆಯೇ ಹೇಗೆ ಇಡೀ ಅಕ್ಷರವನ್ನು ಹಿಡಿದು ನಿಲ್ಲಿಸಿದೆ ಎಂದು ವಿವರಿಸಿದೆ. ಅವಳು ತೆಂಗಿನಕಾಯಿ ತುರಿಯುತ್ತಾ, "ಗೊತ್ತಾಯ್ತು ಬುಡಿ. ಈ ಮನೇಲೂ ಅಂಗೇ ಅಲ್ವಾ ಇರೋದು?" ಎಂದಳು.

ಐರಾವತದ ಮೊದಲ ಕೆಲಸ ಒಂದು ಮದುವೆಯದಾಗಲಿ ಎಂದು ನನ್ನ ಆಸೆಯಿತ್ತು. ಆ ವಾರ ದಂಡಿಗನಹಳ್ಳಿಯ ಕಡೆಯ ಒಬ್ಬ ಹಿರಿಯ ಯಜಮಾನರು ತೀರಿಕೊಂಡರು. ಇದರಲ್ಲಿ ಅವರ ತಪ್ಪೇನೂ ಇಲ್ಲ, ವಯಸ್ಸಾಗಿತ್ತು. ಅವರ ಮಕ್ಕಳು ತಿಥಿ ಕಾರ್ಡು ಮಾಡಿಸಲು ನನ್ನಲ್ಲಿಗೆ ಬಂದರು. ಹಿರಿಮಗ, "ಅಪ್ಪನ ಎಸ್ರು ಅಂಗೇ ಎದ್ದು ಕಾಣ್ಬೇಕು ಗೌಡ್ರೇ. ನಮ್ಮಪ್ಪ ಬದುಕಿದ್ದಾಗ ಬೀದಿಗ್ ಬಂದ್ರೆ ಎಂಗೆ ಕಾಣ್ತಿದ್ರೋ ಅಂಗೆ" ಎಂದ. ಇಂಥ ಮಾತು ಕೇಳಿದ ಮೇಲೆ ಐರಾವತವನ್ನು ಕೇಸಿನೊಳಗೆ ಇಟ್ಟುಕೊಂಡು ಕೂತರೆ ನಾನೆಂಥ ಮುದ್ರಕ? ಕಪ್ಪು ಮಸಿಯಲ್ಲಿ ಕಾರ್ಡಿನ ಉದ್ದಗಲಕ್ಕೂ ಯಜಮಾನರ ಹೆಸರನ್ನು ನಿಲ್ಲಿಸಿದೆ. ಕಾರ್ಡು ತಾಲ್ಲೂಕನ್ನೆಲ್ಲ ಸುತ್ತಿತು. ಹೊಳೇನರಸೀಪುರ, ಅರಕಲಗೂಡಿನ ಕಡೆಯ ನೆಂಟರಿಗೂ ಹೋಯಿತು. ಓದು ಬಾರದ ಮುದುಕರೂ ಅದನ್ನು ತಿರುಗಿಸಿ ನೋಡಿ, ಯಜಮಾನರನ್ನೇ ಕಂಡಂತಾಯಿತು ಎಂದರಂತೆ. ನಾನು ಉಬ್ಬಿಹೋದೆ.

ಅಲ್ಲಿಂದ ಮುಂದೆ ಸತ್ತವರ ಮನೆಯವರೆಲ್ಲ ನನ್ನ ಅಚ್ಚುಕೂಟಕ್ಕೇ ಬರತೊಡಗಿದರು. ಬಂದವರು ಬಾಗಿಲಲ್ಲೇ ನಿಂತು, "ದಂಡಿಗನಳ್ಳಿ ಯಜಮಾನ್ರಿಗೆ ಆಕಿದ್ರಲ್ಲ, ಆ ಅಕ್ಷರ" ಎಂದು ಕೇಳುತ್ತಿದ್ದರು. ಬದುಕಿರುವವರು ಮಾತ್ರ ಆ ಕೇಸಿನ ಕಡೆ ತಲೆಯೆತ್ತಿಯೂ ನೋಡಲೊಲ್ಲರು. ಬಾಗೂರಿನ ರೈತನೊಬ್ಬ ಮಗನ ಲಗ್ನಪತ್ರಿಕೆಗೆ ಬಂದಿದ್ದಾಗ ನಾನು ಐರಾವತದ ಮಾದರಿ ಕೈಗೆ ಕೊಟ್ಟೆ. ಅವನು ಕೆಂಡ ಮುಟ್ಟಿದವನಂತೆ ಕೈ ಎಳೆದುಕೊಂಡು, "ಇದು ಸತ್ತೋರ್ ಅಕ್ಷರ ಅಲ್ವರಾ? ನಮ್ಗೆ ಬ್ಯಾಡಿ" ಎಂದ. ಬೆಳಗೊಳದ ಪಾತ್ರೆ ಅಂಗಡಿಯ ಧರಣೇಂದ್ರಯ್ಯನವರು ಜೈನರು, ತೂಕದ ಮನುಷ್ಯರು, ನಾಲ್ಕು ಜನಕ್ಕೆ ಬುದ್ಧಿ ಹೇಳುವವರು. ಅವರಾದರೂ ತಮ್ಮ ಅಂಗಡಿಯ ಜಾಹೀರಾತಿಗೆ ಒಪ್ಪಿಯಾರು ಎಂದುಕೊಂಡೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಅಕ್ಷರ ಬಲು ಚೆನ್ನಾಗಿದೆ ಗೌಡರೇ. ನನಗೇನೂ ಇಂಥದರಲ್ಲಿ ನಂಬಿಕೆ ಇಲ್ಲ. ಆದರೆ ಪಾತ್ರೆ ಕೊಳ್ಳೋಕೆ ಬರೋ ಹೆಣ್ಣುಮಕ್ಕಳಿಗೆ ನಂಬಿಕೆ ಇದೆ, ನೋಡಿ" ಎಂದು ಮಾದರಿಯನ್ನು ಮಡಿಸದೆ, ಜೇಬಿಗೂ ಹಾಕದೆ, ನನ್ನ ಮೇಜಿನ ಮೇಲೆಯೇ ಮೆಲ್ಲಗೆ ಇಟ್ಟು ಹೋದರು.

ನನ್ನ ಪಿತ್ತ ನೆತ್ತಿಗೇರಿತು. ಸೀಸಕ್ಕೆ ಸೂತಕ ಉಂಟೇ, ನೀವೇ ಹೇಳಿ. ಅದೇ ಸೀಸವನ್ನು ಕರಗಿಸಿ ಬೇರೆ ಅಚ್ಚಿಗೆ ಹೊಯ್ದರೆ ಬೇರೆ ಅಕ್ಷರವಾಗುತ್ತದೆ. ಇವರ ಮನೆಯ ಹಂಡೆಯಲ್ಲಿ ತಿಥಿಗೂ ಅನ್ನ ಬೇಯುತ್ತದೆ, ಮದುವೆಗೂ ಬೇಯುತ್ತದೆ. ಹಂಡೆಗೆ ಇಲ್ಲದ ಮೈಲಿಗೆ ನನ್ನ ಐರಾವತಕ್ಕೆ ಎಲ್ಲಿಂದ ಬಂತು? ಇದನ್ನೆಲ್ಲ ನಾನು ಬಂದವರಿಗೆಲ್ಲ ಹೇಳಿದೆ. ಗಟ್ಟಿಯಾಗಿ ಹೇಳಿದೆ. ಅವರು ತಲೆಯಾಡಿಸಿ ಕೇಳಿ, ಎಲ್ಲ ಮುಗಿದ ಮೇಲೆ, "ಸರಿ, ಅದಿರ್ಲಿ, ಆ ಅಳೇ ಅಕ್ಷರದಲ್ಲೇ ಆಕ್ಕೊಡಿ" ಎನ್ನುತ್ತಿದ್ದರು. ನನ್ನ ಎದೆಯ ಮೇಲೆ ಯಾರೋ ಕೂತು ಎಲೆಯಡಿಕೆ ಹಾಕಿಕೊಂಡಂತಾಗುತ್ತಿತ್ತು.

ಅಷ್ಟರಲ್ಲಿ ನನ್ನ ಮಗಳು ಶಾರದೆಗೆ ಅರಕಲಗೂಡಿನ ಕಡೆಯ ಸಂಬಂಧ ಕೂಡಿಬಂತು. ಹುಡುಗ ನೀರಾವರಿ ಇಲಾಖೆಯಲ್ಲಿ ಓವರ್‌ಸಿಯರು. ಒಳ್ಳೆಯ ಹುಡುಗ, ಮಾತು ಕಡಿಮೆ. ಶಾರದೆಗೆ ಅವನು ಎಷ್ಟು ಮೆಚ್ಚಿಗೆಯಾಗಿದ್ದನೆಂದರೆ ಅವನ ಊರಿನ ಬಸ್ಸು ಹೋದರೂ ಕಿಟಕಿಗೆ ಬರುತ್ತಿದ್ದಳು. ಲಗ್ನ ಗೊತ್ತಾದ ದಿನವೇ ನಾನು ಪ್ರತಿಜ್ಞೆ ಮಾಡಿದೆ. ಮಗಳ ಲಗ್ನಪತ್ರಿಕೆ ಐರಾವತದಲ್ಲೇ ಆಗಬೇಕು. ಈ ಜಿಲ್ಲೆಗೆಲ್ಲ ಒಂದು ಪಾಠ ಆಗಬೇಕು.

ಜಯಮ್ಮ, "ಇದೊಂದ್ ಬ್ಯಾಡ ನೋಡಿ. ನಿಮ್ಮ ಹಟಾನ ನಿಮ್ಮ ಪ್ರೆಸ್ಸಿನಲ್ಲಿ ಮಾಡ್ಕೊಳಿ, ಮಗಳ ಮದ್ವೇಲಿ ಬ್ಯಾಡ" ಎಂದಳು. "ನೀನೂ ಅವರ ಹಾಗೇ ಮಾತಾಡ್ತೀಯಲ್ಲೇ" ಎಂದು ಕೂಗಾಡಿದೆ. "ಓಗ್ಲಿ, ಕೆಂಪು ಮಸೀಲಾದ್ರೂ ಆಕಿ" ಎಂದಳು. ನಾನೇನು ಅಷ್ಟು ಹಟಮಾರಿಯಲ್ಲ; ಕೆಂಪಿನಲ್ಲೂ ಒಂದು ಹಾಕಿ ನೋಡಿದೆ. ಕೆಂಪಿನಲ್ಲಿ ದಪ್ಪ ಭಾಗವೇನೋ ಬಂತು, ಸಣ್ಣ ಗೆರೆಗಳು ಬೆಳಿಗ್ಗೆ ಹಚ್ಚಿದ ಕುಂಕುಮ ಸಂಜೆಗೆ ಇರುವ ಹಾಗೆ ಮಾಸಿಹೋಗಿದ್ದವು. ಐರಾವತವೆಂದರೆ ಕಪ್ಪೇ. ಕಪ್ಪಿನಲ್ಲೇ ಅದರ ಜೀವ. ಕಪ್ಪಿನಲ್ಲೇ ಹಾಕಿದೆ. ಚೆನ್ನಪ್ಪ ಮೊಳೆ ಜೋಡಿಸಿಕೊಟ್ಟು, ಯಂತ್ರಕ್ಕೆ ಚೌಕಟ್ಟು ಏರಿಸುವ ಹೊತ್ತಿಗೆ, "ಟೀ ಕುಡ್ಕಂಡ್ ಬತ್ತೀನಿ ಸಾ" ಎಂದು ಹೋದವನು ಅಚ್ಚಾಗಿ ಮುಗಿಯುವತನಕ ಬರಲಿಲ್ಲ. ನಾನೇ ತುಳಿದೆ. ಕಾರ್ಡಿನಲ್ಲಿ ಜಾಗ ಕಡಿಮೆ, ಐರಾವತಕ್ಕೆ ಬೇಕಾದದ್ದು ಹೆಚ್ಚು. ಹುಡುಗ ಹುಡುಗಿಯ ಹೆಸರು, ಮುಹೂರ್ತ, ಸ್ಥಳ ಎಲ್ಲವನ್ನೂ ಸಣ್ಣ ಮೊಳೆಯಲ್ಲಿ ಹಾಕಿದ ಮೇಲೆ, ಐರಾವತದಲ್ಲಿ ಒಂದೇ ಒಂದು ಹೆಸರಿಗೆ ಜಾಗ ಉಳಿಯಿತು. ಆಹ್ವಾನಿಸುವವರ ಹೆಸರಿಗೆ. ಅದು ನನ್ನದು. ಇದರಲ್ಲಿ ನನ್ನ ಸ್ವಾರ್ಥವೇನೂ ಇರಲಿಲ್ಲ. ಮೊದಲು ಹದ ಸಿಕ್ಕಿದ್ದೇ ಆ ಹೆಸರಿಗೆ.

ಕಾರ್ಡುಗಳನ್ನು ಮನೆಗೆ ತಂದಾಗ ಜಯಮ್ಮ ಬಟ್ಟಲಿನಲ್ಲಿ ಅರಿಸಿನ ಕಲಸಿಕೊಂಡು ಕೂತಿದ್ದಳು, ಮೂಲೆಗಳಿಗೆ ಹಚ್ಚಲು. ನಮ್ಮ ಕಡೆ ಅರಿಸಿನ ಹಚ್ಚದೆ ಲಗ್ನಪತ್ರಿಕೆ ಹೊಸ್ತಿಲು ದಾಟುವುದಿಲ್ಲ. ಆದರೆ ಆ ಕಾಗದ ತೆಳುವಾದದ್ದು. ಒಂದಕ್ಕೆ ಹಚ್ಚಿ ನೋಡಿದರೆ ಅರಿಸಿನದ ನೀರು ಸರಸರ ಹರಡಿಕೊಂಡು ಬಂದು ನನ್ನ ತಲೆಕಟ್ಟಿನ ಕುಡಿಯನ್ನು ಮುಟ್ಟಿಬಿಟ್ಟಿತು! "ಬಿಡೇ, ಬಿಡು, ಹಾಳು ಮಾಡಬೇಡ!" ಎಂದು ಬಟ್ಟಲನ್ನು ಕಿತ್ತುಕೊಂಡೆ. ಅರಿಸಿನವಿಲ್ಲದೆಯೇ ಕಟ್ಟು ಕಟ್ಟಿ, ಹೆಚ್ಚಾಗಿ ಮಿಕ್ಕ ಒಂದು ಕಟ್ಟು ಬಿಟ್ಟು ಉಳಿದದ್ದನ್ನೆಲ್ಲ ಅಂಚೆಗೆ ಹಾಕಿಸಿದೆ. ಜಯಮ್ಮ ಕೈಯಲ್ಲಿದ್ದ ಅರಿಸಿನವನ್ನು ಕಂಬಕ್ಕೆ ಒರೆಸಿ ಒಳಗೆ ಹೋದಳು. ಆ ಐದು ಬೆರಳಿನ ಗುರುತು ಇನ್ನೂ ಕಂಬದ ಮೇಲಿದೆ, ಬೇಕಾದವರು ಬಂದು ನೋಡಬಹುದು.

ಕಾರ್ಡು ಹೋಗಿ ನಾಲ್ಕಾರು ದಿನವಾದರೂ ಎಲ್ಲಿಂದಲೂ ಸದ್ದಿಲ್ಲ. ಮದುವೆಯೆಂದರೆ ಮೊದಲು ಓಡಿ ಬಂದು ಉಗ್ರಾಣದ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ನನ್ನ ಸೋದರತ್ತೆ, ಬಾಗೂರಿನ ನಿಂಗಮ್ಮತ್ತೆ, ಅವರೂ ಬರಲಿಲ್ಲ. ಜನ ಐರಾವತಕ್ಕೆ ಬೆರಗಾಗಿ ಕೂತಿರಬೇಕು ಎಂದು ನಾನು ತಿಳಿದೆ. ಅದೇ ಹೊತ್ತಿನಲ್ಲಿ ಒಂದು ಬೆಳಿಗ್ಗೆ, ಅಂಗಳದಲ್ಲಿ ಚಪ್ಪರಕ್ಕೆ ಗಳು ನೆಡುತ್ತಿದ್ದರು, ನಾನು ಒಳಕೋಣೆಯಲ್ಲಿ ಅಕ್ಕಿ ಮೂಟೆಗಳ ಮಧ್ಯೆ ಕೂತು ಮೂಟೆ ತಂದವನ ಮೇಲೆ ರೇಗುತ್ತಿದ್ದೆ, ಬೀದಿಯ ತಿರುವಿನಲ್ಲಿ ದೊಡ್ಡದಾಗಿ ಗೋಳಾಟ ಕೇಳಿಸಿತು. ಯಾರ ಮನೆಯಲ್ಲೋ ಹೋದರು ಪಾಪ, ಐರಾವತಕ್ಕೆ ಕೆಲಸ ಬಂತು ಅಂದುಕೊಂಡೆ. ಗೋಳು ಹತ್ತಿರ ಹತ್ತಿರ ಬಂದು ನಮ್ಮ ಅಂಗಳಕ್ಕೇ ಬಂತು.

"ಅಯ್ಯೋ ನನ್ ನಂಜಾ! ನಾನ್ ಎತ್ತಾಡ್ಸಿದ್ ಮಗನೇ! ಮಗಳ ಮದ್ವೆ ನೋಡ್ದೆ ಓದ್ಯಲ್ಲಪ್ಪಾ!" ನಿಂಗಮ್ಮತ್ತೆಯ ಗಂಟಲು. ಅವರ ಹಿಂದೆ ಬಾಗೂರಿನ ಇಡೀ ಬಳಗ ತಲೆಗೆ ಟವಲು ಹಾಕಿಕೊಂಡು ಬಂದಿತ್ತು. ಜಯಮ್ಮ ಆಗತಾನೆ ಅರಿಸಿನ ಹಚ್ಚಿ ಮಿಂದು, ಹಣೆಯ ತುಂಬ ಕುಂಕುಮ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅವಳನ್ನು ನೋಡಿ ಅತ್ತೆಯ ಅಳು ನಿಂತುಹೋಗಿ ಸಿಟ್ಟು ಬಂತು. "ಏನವ್ವಾ ಜಯಾ, ಗಂಡ ಓಗಿ ಇನ್ನ ಮಣ್ಣು ಒಣಗಿಲ್ಲ, ಅಣೆ ತುಂಬ ಕುಂಕ್ಮ ಇಟ್ಕಂಡು ಚಪ್ರ ಆಕ್ಸ್ತಾ ನಿಂತಿದ್ದೀಯಲ್ಲ, ಏನ್ ಬಂದದೆ ನಿಂಗೆ?" ಎಂದರು.

ನನ್ನ ಹೆಂಡತಿ ಕ್ಷಣದಲ್ಲಿ ಎಲ್ಲವನ್ನೂ ಅರ್ಥ ಮಾಡಿಕೊಂಡಿದ್ದಳು. ಆಗಲೇ ನಾಲ್ಕು ಮಾತು ಹೇಳಿ ಬಗೆಹರಿಸಬಹುದಾಗಿತ್ತು. ಹೇಳಲಿಲ್ಲ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಒಳ್ಗವ್ರೆ ಅತ್ತೆ, ಓಗ್ ನೋಡಿ" ಎಂದಳು.

ಅವರು ಒಳಗೆ ಬರುವ ಮೊದಲು ಜಗಲಿಯ ಮೇಲೆ ಕೂತು ಇನ್ನೊಂದು ಸುತ್ತು ಅತ್ತರು. ಮನುಷ್ಯನಿಗೆ ಕೇಳಬಾರದ ಮಾತು ಅಂದರೆ ಸತ್ತಮೇಲೆ ಆಡುವ ಮಾತು. ನಾನು ಅಕ್ಕಿ ಮೂಟೆಯ ಮೇಲೆ ಕೂತು ಅಷ್ಟನ್ನೂ ಕೇಳಿದೆ. "ಚಿನ್ನದಂಥವ್ನು ಕಣವ್ವಾ, ಆ ಕ್ವಾಪ ಒಂದ್ ಇಲ್ದಿದ್ರೆ" ಎಂದು ಒಬ್ಬಳು ರಾಗ ಎಳೆದಳು. "ಆ ಕ್ವಾಪದಲ್ಲೇ ಓಗಿರ್ಬೇಕು. ಯಾರ್ ಮ್ಯಾಲೋ ಕೂಗಾಡ್ತಿದ್ದಂಗೇ ಎದೆ ನಿಂತೋಗದೆ" ಎಂದು ಗಂಡಸಿನ ದನಿ. "ಅದೂ ದಿಟವೇ ಕಣ್ಲಾ. ಇನ್ಮ್ಯಾಕೆ ಜಯಮ್ಮ ವಸಿ ನೆಮ್ಮದಿಯಾಗಿರ್ತಾಳೆ ಬುಡು" ಎಂದು ಇನ್ನೊಬ್ಬರು. ಇದನ್ನು ಕೇಳಿದ ಮೇಲೂ ಸುಮ್ಮನೆ ಕೂತಿರಲು ನಾನೇನು ನಿಜವಾಗಿ ಸತ್ತಿದ್ದೆನೇ? ಬಾಗಿಲು ಒದ್ದುಕೊಂಡು ಹೊರಗೆ ಬಂದು, "ಯಾವನ್ಲಾ ಅವ್ನು, ಎದೆ ನಿಂತೋಗದೆ ಅಂದೋನು!" ಎಂದು ಅಬ್ಬರಿಸಿದೆ. ಮೈತುಂಬ ಅಕ್ಕಿಯ ಧೂಳು ಮೆತ್ತಿ ಬೆಳ್ಳಗಿದ್ದೆ. ಅತ್ತೆ ಕಿಟಾರನೆ ಕಿರುಚಿಕೊಂಡು ಕುಸಿದರು. ಅತ್ತೆಯ ಮಗ ಕೆಂಪ ಜಗಲಿಯಿಂದ ಹಾರಿ ಚಪ್ಪರದ ಗಳು ತಬ್ಬಿಕೊಂಡ.

ಅತ್ತೆಯ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದ ಮೇಲೆ ನಾನು ಕೆಂಪನನ್ನು ಹಿಡಿದುಕೊಂಡೆ. ಅವನು ಮಿಡ್ಲ್ ಸ್ಕೂಲು ಪಾಸು ಮಾಡಿದವನು, ಬಾಗೂರಿನಲ್ಲಿ ನಾಲ್ಕು ಜನರ ಕಾಗದ ಓದಿ ಹೇಳುವವನು. "ಲೇ ಕೆಂಪ, ನಿನಗೆ ಓದೋಕೆ ಬರಲ್ವೇನೋ? ಮದುವೆ ಅಂತ ಅಷ್ಟು ಸ್ಪಷ್ಟವಾಗಿ ಹಾಕಿದ್ದೀನಲ್ಲೋ!" ಎಂದೆ.

"ಓದ್ದೆ ಕಣ್ ಭಾವ" ಎಂದ ಅವನು, ಇನ್ನೂ ಗಳು ಬಿಡದೆ. "ಪೋಸ್ಟಿನವ್ನು ಬೇಲಿ ತಾವ್ಲೇ ನಿಂತ್ಕಂಡು, ಕಪ್ ಕಾರ್ಡು ಬಂದೈತೆ ಅಂತ ಎತ್ತಿ ತೋರಿದ. ಅಷ್ಟ್ ದೂರದಿಂದ್ಲೇ ನಿಮ್ ಎಸ್ರು ಕಾಣ್ತು. ಸೂತ್ಕದ ಕಾರ್ಡ್ನ ಮನೆ ಒಳೀಕೆ ತರಂಗಿಲ್ವಲ್ಲ, ಅಲ್ಲೇ ಅರ್ದು ಆಕ್ಬುಟ್ಟು ಎಲ್ರೂ ತಲೆಗ್ ನೀರ್ ಉಯ್ಕಂಡೋ. ಸತ್ತೋರ್ ಕಾರ್ಡ್ನಾಗೆ ಎಸ್ರು ಬುಟ್ರೆ ಇನ್ನೇನ್ ಓದಾದಿರ್ತದೆ ಭಾವ?"

ದೂರದಿಂದಲೇ ಕಾಣಬೇಕು ಎಂದೇ ಅಲ್ಲವೇ ಎಮ್ಮೆ ಮಾರಿದ್ದು!

ಇಷ್ಟಕ್ಕೇ ಮುಗಿದಿದ್ದರೆ ನಗುತ್ತಿದ್ದೆವೇನೋ. ಮಧ್ಯಾಹ್ನದ ಬಸ್ಸಿಗೆ ಅರಕಲಗೂಡಿನಿಂದ ಬೀಗರು ಬಂದಿಳಿದರು. ಕಾಲಿಗೆ ನೀರು ಕೊಟ್ಟರೆ ಮುಟ್ಟಲಿಲ್ಲ, ಕೂರಿ ಎಂದರೆ ಕೂರಲಿಲ್ಲ. "ಅಲ್ಲಾ ಬೀಗ್ರೇ, ಏನ್ ಮಾಡ್ಬುಟ್ರಿ ನೀವು? ನಮ್ಮೂರಲ್ಲಿ ನೀವ್ ಕಾರ್ಡ್ ಕಳಿಸಿದ್ ಮನೆಯೋರೆಲ್ಲ ತಲೆಗ್ ನೀರಾಕ್ಕಂಡು ಕುಂತವ್ರೆ. ನಮ್ಮವ್ವ, ಲಗ್ನದ ಕಾರ್ಡೇ ಸಾವಿನ ಕಾರ್ಡ್ ಆಗಿ ಬಂದದೆ, ಈ ಸಂಬಂಧ ಬ್ಯಾಡ್ವೇ ಬ್ಯಾಡ ಅಂತ ಊಟ ಬುಟ್ಟವ್ಳೆ. ನಾನ್ ಏನ್ ಮಾಡ್ಲಿ ಯೋಳಿ" ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು. ಅಡುಗೆಮನೆಯ ಬಾಗಿಲ ಹಿಂದೆ ಶಾರದೆಯ ಬಳೆಯ ಸದ್ದು ನಿಂತಿತು. ನಾನು ಸೀಸಕ್ಕೆ ಸೂತಕವಿಲ್ಲ, ಹಂಡೆಗಿಲ್ಲದ ಮೈಲಿಗೆ ಎಂದು ಶುರು ಮಾಡಬೇಕೆಂದಿದ್ದೆ. ಬಾಗಿಲ ಸಂದಿಯಲ್ಲಿ ಮಗಳ ಮುಖ ಕಾಣಿಸಿತು. ಹೇಳುತ್ತೇನೆ, ನನಗೆ ಆಗ ಹೆದರಿಕೆಯಾಯಿತು. ನನ್ನ ಜೀವಮಾನದಲ್ಲಿ ಸಿಟ್ಟು ಬರಬೇಕಾದ ಕಡೆ ಹೆದರಿಕೆ ಬಂದದ್ದು ಅದೊಂದೇ ಸಲ.

ಮೂಲೆಯಲ್ಲಿ ಮಜ್ಜಿಗೆ ಕುಡಿಯುತ್ತಾ ಕೂತಿದ್ದ ನಿಂಗಮ್ಮತ್ತೆ ಲೋಟ ಕೆಳಗಿಟ್ಟರು. ಅದು ಗಿರಣಿಯವನ ಮನೆಯಿಂದ ಕೇಳಿ ತಂದ ಮಜ್ಜಿಗೆ. ಎಮ್ಮೆಯ ವಿಷಯ ಮತ್ತೆ ಎತ್ತುವುದು ಬೇಡ. "ಏನಪ್ಪಾ ಅರಕಲಗೂಡಿನೋನೇ, ಬದುಕಿರೋ ಮನ್ಸನ್ಗೆ ಅತ್ತುದ್ರೆ ಏನಾಯ್ತದೆ ಯೋಳು?" ಎಂದು ಕೇಳಿದರು. ಬೀಗರು ತಬ್ಬಿಬ್ಬಾಗಿ, "ಆಯಸ್ಸು ಎಚ್ತದೆ ಅಂತಾರೆ" ಎಂದರು. "ಅಂತಾರೆ ಏನು, ಎಚ್ಚೇ ಎಚ್ತದೆ. ನಾನು ಬಾಗೂರಿಂದ ಇಲ್ಲಿಗಂಟ ಬಸ್ಸಲ್ಲಿ ಅತ್ಕಂಡ್ ಬಂದಿವ್ನಿ. ಟಿಕೀಟ್ ಕೊಡೋನೂ ಅತ್ತವ್ನೆ. ನಿಮ್ಮೂರೋರೂ ನೀರಾಕ್ಕಂಡವ್ರೆ. ಇಷ್ಟ್ ಜನದ ಕಣ್ಣೀರು ಬಿದ್ ಮ್ಯಾಲೆ ಈ ಮನೆ ತಾವ್ಕೆ ಸಾವು ಅತ್ರ ಬಂದದಾ? ಇಂಥಾ ಮನೆ ಎಣ್ಣು ಬ್ಯಾಡ ಅಂತೀರಲ್ಲ, ನಿಮ್ಗೇನ್ ಬುದ್ಧಿ ಅದೆಯಾ? ನಡೀರಿ, ನಿಮ್ಮವ್ವನ್ ಕುಟೆ ನಾನೇ ಮಾತಾಡ್ತೀನಿ." ಹೀಗೆಂದು ಅತ್ತೆ ಎದ್ದು ಸೆರಗು ಕೊಡವಿಕೊಂಡು ನಿಜವಾಗಿಯೂ ಮುಂದಿನ ಬಸ್ಸಿಗೆ ಅವರ ಜೊತೆ ಹೊರಟೇಬಿಟ್ಟರು. ಹೊರಡುವ ಮೊದಲು ಬೀಗರು ನನ್ನನ್ನು ಪಕ್ಕಕ್ಕೆ ಕರೆದು, "ಬ್ಯಾರೆ ಕಾರ್ಡ್ ಆಕ್ಸ್ಬುಡಿ ಬೀಗ್ರೇ. ಕೆಂಪ್ ಮಸಿ. ಅರಿಸ್ನ ಮರೀಬ್ಯಾಡಿ" ಎಂದರು. ಎರಡು ಹೆಜ್ಜೆ ಹೋಗಿ ತಿರುಗಿ, "ನಿಮ್ ಎಸ್ರು ವಸಿ ಸಣ್ಣಗಿರ್ಲಿ" ಎಂದರು.

ಅಂದು ಸಂಜೆಯೇ ಹೊಸ ಕಾರ್ಡು ಅಚ್ಚಾಯಿತು. ಆ ಬೋಳು ಮಂಡೆಯ ಹಳೆಯ ಮೊಳೆಯಲ್ಲಿ, ಕೆಂಪು ಮಸಿಯಲ್ಲಿ. ಚೆನ್ನಪ್ಪ ಈ ಸಲ ಟೀಗೆ ಹೋಗಲಿಲ್ಲ. ಯಂತ್ರವನ್ನು ಅವನೇ ತುಳಿಯುತ್ತಾ, "ನಾನ್ ಆವತ್ತೇ ಅಂದ್ಕಂಡೆ ಸಾ" ಎಂದ. ಅಂದುಕೊಂಡವನು ಬಾಯಿಬಿಟ್ಟು ಹೇಳಬಾರದಾಗಿತ್ತೇ ಎಂದು ನಾನು ಅವನ ಮೇಲೆ ಹಾರಾಡಿದೆ. "ಯೋಳಿದ್ರೆ ಕೇಳ್ತಿದ್ರಾ ಸಾ?" ಎಂದ. ಮನೆಯಲ್ಲಿ ಜಯಮ್ಮ ಮೂಲೆಗೆ ಹಚ್ಚಬೇಕಾದ ಅರಿಸಿನವನ್ನು ಕಾರ್ಡಿನ ಅರ್ಧದವರೆಗೆ ಬಳಿದಳು. ನನ್ನ ಹೆಸರು ಅದರಡಿಯಲ್ಲಿ ಹೂತುಹೋಯಿತು. ನಾನು ಹಲ್ಲು ಕಚ್ಚಿಕೊಂಡು ನೋಡುತ್ತಾ ನಿಂತಿದ್ದೆ. ಯಾರಿಗೂ ಒಂದಕ್ಷರ ಓದಲು ಬಾರದಂಥ ಆ ಕಾರ್ಡನ್ನು ನೋಡಿ, ಕರೆದವರೆಲ್ಲ ಸರಿಯಾದ ದಿನ, ಸರಿಯಾದ ಹೊತ್ತಿಗೆ, ಸರಿಯಾದ ಛತ್ರಕ್ಕೆ ಬಂದರು. ಹೇಗೆ ಬಂದರೋ ನನಗೆ ಇಂದಿಗೂ ತಿಳಿಯದು, ಅದಕ್ಕೂ ಕೋಪ ಬರುತ್ತದೆ. ಮದುವೆ ಚೆನ್ನಾಗಿ ಆಯಿತು. ಶಾರದೆ ಈಗ ಗೊರೂರಿನಲ್ಲಿ ಇಲಾಖೆಯ ಕ್ವಾರ್ಟರ್ಸಿನಲ್ಲಿ ಸುಖವಾಗಿದ್ದಾಳೆ. ಅಳಿಯ ನನ್ನನ್ನು ಕಂಡಾಗಲೆಲ್ಲ, "ಆರೋಗ್ಯವಾ ಮಾವ?" ಎಂದು ಕೇಳುತ್ತಾನೆ. ಮಾತು ಕಡಿಮೆ ಎಂದೆನಲ್ಲ, ಆಡುವುದು ಇದೊಂದೇ ಮಾತು.

ಐರಾವತ ಈಗ ತಿಥಿಗೇ ಮೀಸಲು. ಮೊನ್ನೆ ಯಾರದೋ ಹೆಸರನ್ನು ಅದರಲ್ಲಿ ಅಚ್ಚು ಹಾಕಿ ಮನೆಗೆ ಬಂದವನು ಊಟ ಮಾಡುತ್ತಾ ಜಯಮ್ಮನಿಗೆ ಹೇಳಿದೆ: "ನೋಡೇ, ನಾನು ಹೋದ ಮೇಲೆ ನನ್ನ ಕಾರ್ಡು ಮಾತ್ರ ಐರಾವತದಲ್ಲಿ ಹಾಕಿಸಬೇಡ. ಈ ಜನಕ್ಕೆ ಆ ಸಂತೋಷ ಕೊಡಬಾರದು. ಹಳೆಯ ಮೊಳೆಯಲ್ಲೇ ಇರಲಿ." ಅವಳು ಅನ್ನ ಬಡಿಸುತ್ತಾ, "ಬ್ಯಾರೆ ಯಾಕ್ ಆಕ್ಸಾಣ? ಆವತ್ತು ಮಿಕ್ಕಿದ್ ಕಟ್ಟು ಅಟ್ಟದ್ ಮೇಲೆ ಅಂಗೇ ಅದೆ. ಎಸ್ರು ಇದ್ದೇ ಅದೆ, ಇನ್ನೇನ್ ಓದಾದಿರ್ತದೆ?" ಎಂದಳು.

ಕೈ ತೊಳೆದವನೇ ಏಣಿ ಹಾಕಿ ಅಟ್ಟ ಹತ್ತಿದೆ. ಆ ಕಟ್ಟನ್ನು ಈಗಲೇ ಹರಿದು ಬಚ್ಚಲ ಒಲೆಗೆ ಹಾಕಿಬಿಡುತ್ತೇನೆಂದು ದಾರ ಕಿತ್ತು ಒಂದು ಕಾರ್ಡು ಹೊರಗೆಳೆದು ಹೆಂಚಿನ ಸಂದಿಯ ಬೆಳಕಿಗೆ ಹಿಡಿದೆ. ಇಷ್ಟು ವರ್ಷವಾದರೂ ಮಸಿ ಮಾಸಿಲ್ಲ. ಹೊಟ್ಟೆಯಲ್ಲಿ ಒಂದು ಬಿಳಿ ಮಚ್ಚೆಯಿಲ್ಲ. 'ಜೇ'ಯ ದೀರ್ಘದ ಕೂದಲೆಳೆ ಸಹ ಕಡಿದಿಲ್ಲ. ಅದಾದ ಮೇಲೆ ನಾನು ಎಷ್ಟು ಸತ್ತವರಿಗೆ ಅಚ್ಚು ಹಾಕಿಲ್ಲ, ಒಬ್ಬರ ಹೆಸರೂ ಇಷ್ಟು ಚೆನ್ನಾಗಿ ಬಂದಿಲ್ಲ. "ಅರ್ದ್ರಾ?" ಎಂದು ಕೆಳಗಿನಿಂದ ಜಯಮ್ಮ ಕೂಗಿದಳು. "ಹರೀತಿದೀನಿ ಕಣೇ, ಸುಮ್ನಿರೇ!" ಎಂದು ರೇಗಿದೆ. ಆ ಕಾರ್ಡನ್ನು ಮತ್ತೆ ಒಳಗಿಟ್ಟು, ಗೆದ್ದಲು ಹಿಡಿಯದಿರಲಿ ಎಂದು ಕಟ್ಟನ್ನು ಸ್ವಲ್ಪ ಎತ್ತರದ ತೊಲೆಯ ಮೇಲೆ ಇಟ್ಟು, ಸದ್ದಾಗದಂತೆ ಇಳಿದು ಬಂದೆ.